ಬಾಕಿ ಉಳಿದ ವಿಷಯ

ಪದವೀದಾನ ಸಮಾರಂಭ ಮುಗಿದು ಜನ ಮಂಟಪದಿಂದ ಹೊರಬರುತ್ತಿದ್ದರು. ಜತ್ತ ತಾಲೂಕಿನ ಹಳ್ಳಿಯೊಂದರಿಂದ ನಸುಕಿನ ಎಸ್‌ಟಿ ಹಿಡಿದು ಬಂದಿದ್ದ ತಾಯಿ, ಕರಿಯ ನಿಲುವಂಗಿ ತೊಟ್ಟ ಮಗಳ ಕೈ ಹಿಡಿದು ಕೇಳಿದಳು: “ನಿನ್ನ ಹೆಸರು ಕರದದ್ದಷ್ಟ ತಿಳೀತು ನನಗ. ಉಳಿದದ್ದು ಏನೇನ್ ಅಂದ್ರವ್ವಾ ಅವ್ರು?” ಗೆಳತಿಯರು ಫೋಟೋಕ್ಕೆ ಕರೆಯುತ್ತಿದ್ದರು. “ಆಮ್ಯಾಲ ಹೇಳ್ತೀನಿ ತಡಿಯವ್ವಾ” ಎಂದು ಮಗಳು ಆ ಕಡೆಗೆ ಓಡಿದಳು.

ಆಕೆ ಬಿ.ಎ. ಮುಗಿಸಿದ್ದು ಐಚ್ಛಿಕ ಕನ್ನಡದಲ್ಲಿ. ಮೂರು ವರ್ಷ ಪಂಪನನ್ನೂ ವಚನಗಳನ್ನೂ ಓದಿ, ಕೇಶಿರಾಜನ ಸೂತ್ರಗಳಿಗೆ ಅರ್ಥ ಬರೆದು ಗಳಿಸಿದ ಪದವಿ ಅದು. ಅದನ್ನು ಕೊಟ್ಟ ಸಮಾರಂಭದಲ್ಲಿ ನಿರೂಪಣೆ ಮರಾಠಿಯದು, ವಿಧ್ಯುಕ್ತ ವಾಕ್ಯಗಳು ಇಂಗ್ಲಿಷಿನವು. ಮನೆಯಲ್ಲಿ ಕನ್ನಡವನ್ನಷ್ಟೇ ಆಡುತ್ತ, ಸಂತೆಯ ಮಟ್ಟಿಗೆ ಮರಾಠಿ ಬಲ್ಲ ತಾಯಿಗೆ ಆ ದಿನ ದಕ್ಕಿದ್ದು ಒಂದು ಹೆಸರು ಮಾತ್ರ. ಗಡಿನಾಡಿನ ಮನೆಗಳಲ್ಲಿ ಇಂಥದು ಹೊಸದಲ್ಲವಾದ್ದರಿಂದ ಯಾರಿಗೂ ಅದು ಕೊರತೆಯೆಂದು ತೋರಲಿಲ್ಲ, ಮಗಳಿಗೂ ತೋರಲಿಲ್ಲ. “ಆಮ್ಯಾಲ” ಎಂಬ ಆ ಮಾತಿನ ಗಡುವು ಆರು ವರ್ಷವಾದರೂ ಬರಲಿಲ್ಲ. ಅದನ್ನು ನೆನಪಿಸಿದ್ದು ಮರಾಠಿಯಲ್ಲ, ಕನ್ನಡವಲ್ಲ, ಸ್ಪ್ಯಾನಿಷ್.

ಪುಣೆಯ ಕಚೇರಿಯೊಂದರಲ್ಲಿ ಕೆಲಸ ಸಿಕ್ಕಿತ್ತು. ಸ್ಪೇನ್ ಮತ್ತು ಮೆಕ್ಸಿಕೋ ದೇಶಗಳ ಗಿರಾಕಿಗಳ ಪತ್ರವ್ಯವಹಾರ ಹೆಚ್ಚಿದಾಗ, ಸ್ಪ್ಯಾನಿಷ್ ಬಲ್ಲವರಿಗೆ ಬಡ್ತಿಯ ಅವಕಾಶವಿದೆಯೆಂದು ತಿಳಿದು ಆಕೆ ಸಂಜೆಯ ತರಗತಿಗೆ ಸೇರಿಕೊಂಡಳು. ಮೊದಲ ತಿಂಗಳಲ್ಲೇ ಆಕೆಗೊಂದು ಆಶ್ಚರ್ಯ ಕಾದಿತ್ತು. ಇಂಗ್ಲಿಷ್ ಮಾಧ್ಯಮದಲ್ಲಿ ಓದಿಬಂದ ಸಹಪಾಠಿಗಳು ತಡವರಿಸುತ್ತಿದ್ದ ಕಡೆ ಈಕೆಗೆ ದಾರಿ ಸಲೀಸಾಗಿತ್ತು. “ಮೆ ಗುಸ್ತಾ” ಎಂದರೆ “ನನಗೆ ಇಷ್ಟ”. ಇಷ್ಟಪಡುವವನು ಕರ್ತೃಪದವಾಗಿ ನಿಲ್ಲದೆ ಚತುರ್ಥಿಯಲ್ಲಿ ಸರಿದು ನಿಲ್ಲುತ್ತಾನೆ. ಮರಾಠಿಯ “ಮಲಾ ಆವಡತೆ” ಕೂಡ ಅದೇ ಮಾದರಿಯದು. “ಲವಾರ್” ಎಂದರೆ ತೊಳೆಯುವುದು, “ಲವಾರ್‌ಸೆ” ಎಂದರೆ ತೊಳೆದುಕೊಳ್ಳುವುದು. “ಪೆಯ್ನಾರ್” ಬಾಚುವುದಾದರೆ “ಪೆಯ್ನಾರ್‌ಸೆ” ಬಾಚಿಕೊಳ್ಳುವುದು. ಕೈ ತೊಳೆದುಕೊಂಡೆ ಎನ್ನುವಾಗ ಕನ್ನಡದಂತೆ ಸ್ಪ್ಯಾನಿಷ್ ಕೂಡ “ನನ್ನ ಕೈ” ಎಂದು ಬಿಡಿಸಿ ಹೇಳುವುದಿಲ್ಲ. ಕ್ರಿಯೆಯ ಫಲ ಮಾಡಿದವನಿಗೇ ಮರಳುತ್ತದೆಯೆಂಬುದನ್ನು ಕನ್ನಡ “ಕೊಳ್ಳು” ಎಂಬ ಸಹಾಯಕ ಧಾತುವಿನಿಂದ ತೋರಿಸಿದರೆ, ಸ್ಪ್ಯಾನಿಷ್ “ಸೆ” ಎಂಬ ಪುಟ್ಟ ಪದದಿಂದ ತೋರಿಸುತ್ತದೆ. ಐಚ್ಛಿಕ ಕನ್ನಡದಿಂದ ಹೊರಗೆ ಏನು ಪ್ರಯೋಜನವೆಂದು ಕೇಳುವವರಿಗೆ ಆ ತರಗತಿಯೇ ಒಂದು ಉತ್ತರವಾಗಿತ್ತು.

ಎರಡನೆಯ ಹಂತದ ಪಾಠಗಳನ್ನು ಅಧ್ಯಾಪಕಿ ಬದುಕಿನ ಸಂದರ್ಭಗಳ ಸುತ್ತ ಹೆಣೆದಿದ್ದರು: ಮದುವೆ, ಹಬ್ಬ, ಆಸ್ಪತ್ರೆ, ಪದವಿ. ಪದವಿಯ ಪಾಠ ಮೂರು ವಾರ ನಡೆಯಿತು. ಪದವೀಧರನಾಗುವುದಕ್ಕೆ ಸ್ಪ್ಯಾನಿಷಿನಲ್ಲಿರುವ ಕ್ರಿಯಾಪದಗಳಲ್ಲಿ ಹಲವು “ಸೆ” ಹಚ್ಚಿಕೊಂಡವು: ಗ್ರಾದುಆರ್‌ಸೆ, ಲಿಸೆನ್ಸಿಯಾರ್‌ಸೆ, ತಿತುಲಾರ್‌ಸೆ, ರೆಸಿಬೀರ್‌ಸೆ. ಓದಿನ ಫಲ ಓದಿದವನಿಗೇ ಮರಳುವ ಕ್ರಿಯೆಗಳು. ಇಡೀ ಶಿಕ್ಷಣಕ್ರಮಕ್ಕೆ ಹೆಸರು “ಕರ್ರೇರಾ”. ಮೂಲದಲ್ಲಿ ಅದು ಓಟ, ಓಟದ ಪಂದ್ಯ. ಮುಗಿಸಿದವನು “ಎಗ್ರೆಸಾದೊ”, ಅಂದರೆ ಹೊರಗೆ ಹೊರಟವನು. ಆದರೆ ಒಂದೇ ಪದ ಎಲ್ಲ ದೇಶಗಳಲ್ಲಿ ಒಂದೇ ಅರ್ಥ ಕೊಡುವುದಿಲ್ಲ. ಸ್ಪೇನಿನಲ್ಲಿ “ಬಾಚಿಯೇರಾತೊ” ಎಂಬುದು ಹದಿನಾರರಿಂದ ಹದಿನೆಂಟರ ಹರೆಯದವರ ಎರಡು ವರ್ಷದ ಶಾಲಾ ಹಂತ, ಇಲ್ಲಿನ ಅಕರಾವಿ-ಬಾರಾವಿಯಂತೆ. ಪೆರುವಿನಲ್ಲಿ “ಬಾಚಿಯೇರ್” ಎಂದರೆ ವಿಶ್ವವಿದ್ಯಾಲಯದ ಮೊದಲ ಪದವಿ ಪಡೆದವನು. ಮೆಕ್ಸಿಕೋದಲ್ಲಿ “ಲಿಸೆನ್ಸಿಯಾತೂರಾ” ವಿಶ್ವವಿದ್ಯಾಲಯದ ಪದವಿ. ಚಿಲಿಯಲ್ಲಿ ಪ್ರೌಢಶಾಲೆ ಮುಗಿಸಿದ ಮಕ್ಕಳ ಬೀಳ್ಕೊಡುಗೆಯ ಸಮಾರಂಭಕ್ಕೂ ಅದೇ ಹೆಸರು. ನಿಘಂಟು ನೋಡಿ ಬಡ್ತಿಯ ಪತ್ರ ಬರೆಯಹೊರಟವರು ಎಡವುವುದು ಇಂಥಲ್ಲಿಯೇ.

ಹಾಗಾಗಿ ಅಧ್ಯಾಪಕಿ ಪದಗಳನ್ನು ಪಟ್ಟಿಯಾಗಿ ಕೊಡದೆ ಅವು ಬಾಳುವ ಜಾಗಗಳಿಗೆ ಕರೆದೊಯ್ದರು. ಮೊದಲಿನದು ಸ್ಪೇನಿನ ಸಾಲಮಾಂಕಾ. 1218ರಲ್ಲಿ ಲಿಯೋನಿನ ಅರಸು ಒಂಬತ್ತನೆಯ ಅಲ್ಫೋನ್ಸೊ ಸ್ಥಾಪಿಸಿದ ಅಲ್ಲಿನ ವಿಶ್ವವಿದ್ಯಾಲಯದ ಹೊಂಬಣ್ಣದ ಕಲ್ಲುಗೋಡೆಗಳ ಮೇಲೆ ಕೆಂಪು ಅಕ್ಷರಗಳ ಬರಹಗಳಿವೆ. ಅವು “ವೀತೋರ್”ಗಳು, ವಿಜಯಿ ಎಂಬ ಅರ್ಥದ ಲ್ಯಾಟಿನ್ ಪದದ ಅಕ್ಷರಗಳನ್ನು ಒಂದರೊಳಗೊಂದು ಹೆಣೆದು, ಜತೆಗೆ ಡಾಕ್ಟರ್ ಪದವಿ ಪಡೆದವನ ಹೆಸರನ್ನು ಬರೆಯುತ್ತಿದ್ದರು. ಆ ಬಣ್ಣಕ್ಕೆ ಹೋರಿಯ ರಕ್ತ ಬೆರೆಸುತ್ತಿದ್ದರೆಂದು ಹೇಳುತ್ತಾರೆ. ಹಳೆಯ ಚರ್ಚಿನ ಸಂತ ಬಾರ್ಬರಾಳ ಪ್ರಾರ್ಥನಾಗೃಹದಲ್ಲಿ ಪರೀಕ್ಷೆಯ ಹಿಂದಿನ ರಾತ್ರಿ ಅಭ್ಯರ್ಥಿಯೊಬ್ಬನೇ ಕುಳಿತು ಓದಬೇಕಿತ್ತೆಂಬ ಪ್ರತೀತಿಯಿದೆ. ಗೆದ್ದವನು ದೊಡ್ಡ ಬಾಗಿಲಿನಿಂದಲೂ ಸೋತವನು ಬಂಡಿಗಳ ಬಾಗಿಲಿನಿಂದಲೂ ಹೊರಬೀಳುತ್ತಿದ್ದನಂತೆ. ಪರೀಕ್ಷೆಯ ಹೊಸ್ತಿಲಲ್ಲಿ ಕಾತರದಿಂದಿರುವವನನ್ನು ಈಗಲೂ “ಪ್ರಾರ್ಥನಾಗೃಹದಲ್ಲಿದ್ದಾನೆ” ಎನ್ನುತ್ತಾರೆ.

ಇಂದಿನ ಸ್ಪೇನಿನ ಪದವೀಧರರು ಕೊರಳಿನಿಂದ ಎದೆಯ ಮೇಲೆ ಇಳಿಬಿಡುವ ಬಣ್ಣದ ಪಟ್ಟಿಗೆ “ಬೆಕಾ” ಎನ್ನುತ್ತಾರೆ. ವಿದ್ಯಾರ್ಥಿವೇತನಕ್ಕೂ ಅದೇ ಪದ. ಹಿಂದೆ ನಿಲಯಗಳಲ್ಲಿ ಆಶ್ರಯ ಪಡೆದು ಓದುವವರು ತೊಡುತ್ತಿದ್ದ ಉಡುಗೆಯ ಗುರುತು ಕಾಲಕ್ರಮದಲ್ಲಿ ಆ ಆಶ್ರಯದ ಹೆಸರೇ ಆಯಿತು. ಒಂದು ತಂಡದ ವಿದ್ಯಾರ್ಥಿಗಳ ಮತ್ತು ಗುರುಗಳ ಭಾವಚಿತ್ರಗಳನ್ನು ಒಂದೇ ಹಾಳೆಯಲ್ಲಿ ಸಾಲಾಗಿ ಜೋಡಿಸಿ ಕಟ್ಟು ಹಾಕಿಸಿದ ಚಿತ್ರ “ಓರ್ಲಾ”. ಅದು ಮನೆಯ ಗೋಡೆಯನ್ನೋ ವೈದ್ಯರ ಕೋಣೆಯನ್ನೋ ಸೇರುತ್ತದೆ. ಓರ್ಲಾ ಎಂದರೆ ಮೂಲದಲ್ಲಿ ಬಟ್ಟೆಯ ಅಂಚು. ಸೀರೆಯ ಅಂಚನ್ನು ನೋಡಿಯೇ ಸೀರೆಗೆ ಬೆಲೆ ಕಟ್ಟುವ ಊರಿನಿಂದ ಬಂದವಳಿಗೆ ಆ ಪದ ಒಂದೇ ಸಲಕ್ಕೆ ನೆನಪಿನಲ್ಲಿ ನಿಂತಿತು. ಸಮಾರಂಭದ ಸಭಾಂಗಣ “ಪಾರಾನಿಂಫೊ”. ಮದುವೆಯಲ್ಲಿ ವರನ ಜತೆಗೆ ನಿಲ್ಲುವವನೆಂಬ ಗ್ರೀಕ್ ಪದದಿಂದ ಅದು ಬಂದಿದೆ. ಶುಭವಾರ್ತೆ ಸಾರುವವನೆಂಬ ಅರ್ಥವೂ ಅದಕ್ಕುಂಟು. ಅಲ್ಲಿ ಹೇಳುವ ಅಭಿನಂದನೆ “ಎನೊರಾಬುಎನಾ”. ಬಿಡಿಸಿದರೆ “ಒಳ್ಳೆಯ ಗಳಿಗೆಯಲ್ಲಿ” ಎಂದಾಗುತ್ತದೆ. ಈ ಪದ ಬಂದ ದಿನ ಆಕೆ ತನ್ನ ಟಿಪ್ಪಣಿ ಪುಸ್ತಕದಲ್ಲಿ ಪಕ್ಕಕ್ಕೆ “ಘಟಿಕೋತ್ಸವ” ಎಂದು ಬರೆದಿಟ್ಟುಕೊಂಡಳು. ಮಯೂರಶರ್ಮ ಗುರುವಿನೊಡನೆ ಕಂಚಿಯ ಘಟಿಕೆಗೆ ಓದಲು ಹೋದನೆಂದು ತಾಳಗುಂದದ ಶಾಸನ ಹೇಳುವುದನ್ನು ಆಕೆ ಬಿ.ಎ. ತರಗತಿಯಲ್ಲಿ ಓದಿದ್ದಳು. ವಿದ್ಯಾಸ್ಥಾನವನ್ನು ಹೇಳುವ ಆ ಪದದ ರೂಪವೇ ಕಾಲದ ಅಳತೆಗೂ ಇದೆ. ಅದೇ ತದ್ಭವವಾಗಿ “ಗಳಿಗೆ”. ಸಾವಿರಾರು ಮೈಲಿ ದೂರದ ಎರಡು ನುಡಿಗಳು ಓದು ಮುಗಿದವನನ್ನು ಹರಸುವಾಗ ಗಳಿಗೆಯ ಹತ್ತಿರ ಬಂದು ನಿಂತಿದ್ದವು.

ಹರಕೆಯ ವ್ಯಾಕರಣವೂ ಹಾಗೆಯೇ. ಸ್ಪ್ಯಾನಿಷ್ ಕಲಿಯುವ ಬಹುಪಾಲು ಜನರಿಗೆ ಕಬ್ಬಿಣದ ಕಡಲೆಯೆನಿಸುವುದು, ನಡೆದುದನ್ನಲ್ಲದೆ ನಡೆಯಲೆಂದು ಬಯಸುವುದನ್ನು ಹೇಳುವ ಕ್ರಿಯಾರೂಪ. “ಕೆ ತೆ ವಾಯಾ ಬಿಯೆನ್” ಎಂದು ಬೀಳ್ಕೊಡುವಾಗ ಬರುವುದು ಅದೇ. ಇಂಗ್ಲಿಷಿನ ಮೂಲಕ ಅದನ್ನು ವಿವರಿಸಲು ಪುಟಗಟ್ಟಲೆ ಬೇಕು. “ನಿನಗೆ ಒಳ್ಳೆಯದಾಗಲಿ” ಎಂದು ದಿನಕ್ಕೊಮ್ಮೆಯಾದರೂ ಕೇಳಿ ಬೆಳೆದವರಿಗೆ ಒಂದು ಸಾಲು ಸಾಕು. ಆಗಲಿ, ಬರಲಿ, ಬೆಳಗಲಿ ಎಂಬ ವಿಧ್ಯರ್ಥದ ರೂಪ ಕನ್ನಡದ ಮಕ್ಕಳ ಕಿವಿಗೆ ವ್ಯಾಕರಣ ಪುಸ್ತಕಕ್ಕಿಂತ ಮೊದಲೇ ಬಿದ್ದಿರುತ್ತದೆ. ಪದವಿ ಪಡೆದವರ ಸುತ್ತ ನಿಂತವರ ಮಾತೆಲ್ಲ ಈ ರೂಪದ್ದೇ ಆಗಿರುವುದರಿಂದ, ಅದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಸಂದರ್ಭವಿಲ್ಲ.

ಅಟ್ಲಾಂಟಿಕ್ ದಾಟಿದರೆ ಬಂಧುಗಳ ಬಳಗ ಇನ್ನೂ ಹತ್ತಿರಕ್ಕೆ ಬರುತ್ತದೆ. ಮೆಕ್ಸಿಕೋದಲ್ಲಿ ಒಂದು ವರ್ಷದ ತಂಡಕ್ಕೆ “ಹೆನೆರಾಸಿಯೊನ್”, ಅಂದರೆ ತಲೆಮಾರು ಎಂದೇ ಹೆಸರು. ಆ ತಲೆಮಾರು ತನಗೊಬ್ಬ “ಪಾದ್ರೀನೊ”ನನ್ನು, ಎಂದರೆ ಜ್ಞಾನಸ್ನಾನದಲ್ಲಿ ಮಗುವಿನ ಹೊಣೆ ಹೊರುವಂಥ ಧರ್ಮಪಿತನನ್ನು, ಆರಿಸಿಕೊಳ್ಳುತ್ತದೆ. ಅನೇಕ ಕಡೆ ಕೃತಜ್ಞತೆಯ ಪೂಜೆ ನಡೆಯುತ್ತದೆ. ಸಂಜೆಯ ಔತಣದಲ್ಲಿ ಮಕ್ಕಳು ತಂದೆತಾಯಿಗಳೊಡನೆ ವಾಲ್ಟ್ಸ್ ನೃತ್ಯ ಮಾಡುತ್ತಾರೆ. ಇಷ್ಟೆಲ್ಲ ಆದರೂ ಪಾಠ ಮುಗಿಸಿದ “ಎಗ್ರೆಸಾದೊ” ಇನ್ನೂ “ತಿತುಲಾದೊ” ಆಗಿರಬೇಕೆಂದಿಲ್ಲ. ಪ್ರಬಂಧವೋ ಕೊನೆಯ ಪರೀಕ್ಷೆಯೋ ಉಳಿದಿದ್ದರೆ ಅವನು “ಪಾಸಾಂತೆ”, ದಾಟುತ್ತಿರುವವನು. ಹೊರಗೆ ಬಂದದ್ದು ಬೇರೆ, ದಡ ಮುಟ್ಟಿದ್ದು ಬೇರೆ ಎಂಬ ಸೂಕ್ಷ್ಮ ಆ ಪದಗಳಲ್ಲಿದೆ.

ಅರ್ಜೆಂಟೀನಾದಲ್ಲಿ ಯಾರೂ ಸಮಾರಂಭಕ್ಕಾಗಿ ಕಾಯುವುದಿಲ್ಲ. ಕೊನೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ವಿದ್ಯಾರ್ಥಿ ಕಟ್ಟಡದ ಬಾಗಿಲು ದಾಟುವಷ್ಟರಲ್ಲಿ ಹೊರಗೆ ಗೆಳೆಯರೂ ಮನೆಯವರೂ ಕೋಳಿಮೊಟ್ಟೆ, ಹಿಟ್ಟು, ಬಣ್ಣ ಹಿಡಿದು ನಿಂತಿರುತ್ತಾರೆ. ಮೈಯೆಲ್ಲ ಮೊಟ್ಟೆ ಸುರಿಸಿಕೊಂಡು, ಹಿಟ್ಟು ಮೆತ್ತಿಸಿಕೊಂಡು, ಕೆಲವೊಮ್ಮೆ ಅಂಗಿ ಹರಿಸಿಕೊಂಡು ನಗುತ್ತ ನಿಂತವನನ್ನು ಕಂಡರೆ ದಾರಿಹೋಕರಿಗೆ ಸಂಗತಿ ತಿಳಿಯುತ್ತದೆ: ಸೆ ರೆಸಿಬಿಯೊ. “ರೆಸಿಬೀರ್” ಎಂದರೆ ಸ್ವೀಕರಿಸು, ಬಂದವರನ್ನು ಎದುರುಗೊಳ್ಳು. ಅದಕ್ಕೆ “ಸೆ” ಸೇರಿದರೆ ಅಲ್ಲಿನ ನುಡಿಯಲ್ಲಿ ಪದವಿ ಪಡೆದ ಎಂದರ್ಥ. ಮರಾಠಿಯ “ಪದವೀದಾನ” ಕೊಡುವವನ ಕಡೆಯಿಂದ ನೋಡುತ್ತದೆ. ಈ ಪದ ಬಾಗಿಲ ಹೊರಗೆ ಎದುರುಗೊಳ್ಳಲು ನಿಂತವರ ನೆನಪು ತರುತ್ತದೆ. 1949ರಿಂದ ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಪದವಿ ತರಗತಿಗೆ ಬೋಧನಾ ಶುಲ್ಕವನ್ನು ತೆಗೆದುಹಾಕಲಾಯಿತು. ಮನೆತನದಲ್ಲಿ ಮೊದಲ ಬಾರಿಗೆ ಓದಿದವರು ಹೊರಬರುವಾಗ ಆ ಬಾಗಿಲಲ್ಲಿ ನಿಂತ ತಂದೆತಾಯಿಗಳ ಮುಖ ಹೇಗಿರುತ್ತದೆಂದು ಜತ್ತದ ಹುಡುಗಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಆ ಮುಖದ ಹಿಂದಿನ ನೋವಿಗೂ ಅಲ್ಲಿ ಒಂದು ಹೆಸರಿದೆ. ಉರುಗ್ವೆಯ ನಾಟಕಕಾರ ಫ್ಲೋರೆನ್ಸಿಯೊ ಸಾಂಚೆಸ್‌ನ “ಮಿಹೊ ಎಲ್ ದೊತೋರ್” ಎಂಬ ನಾಟಕ 1903ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ರಂಗಕ್ಕೆ ಬಂತು. “ನನ್ನ ಮಗ ಡಾಕ್ಟರ್” ಎಂಬುದು ಅದರ ಅರ್ಥ. ಶಿಷ್ಟ ನುಡಿಯಲ್ಲಿ ಅದು “ದೊಕ್ತೋರ್” ಆಗಬೇಕು. ಹಳ್ಳಿಯವರ ಬಾಯಲ್ಲಿ ಒತ್ತಕ್ಷರ ಜಾರಿ “ದೊತೋರ್” ಆಗಿದೆ. ಹಳ್ಳಿಯ ತಂದೆಗೂ ಪಟ್ಟಣದಲ್ಲಿ ಓದಿದ ಮಗನಿಗೂ ನಡುವೆ ಬಿದ್ದ ಬಿರುಕು ಆ ನಾಟಕದ ವಸ್ತು. ಮಗ ಏರಿದ ಪದವಿಯ ಹೆಸರನ್ನು ಅಪ್ಪ ಸರಿಯಾಗಿ ಉಚ್ಚರಿಸಲಾರ; ಬಿರುಕೆಲ್ಲ ಆ ಒಂದು ಜಾರಿದ ಅಕ್ಷರದಲ್ಲಿದೆ.

ಮೂರನೆಯ ವಾರ ಅಧ್ಯಾಪಕಿ ಒಂದು ಕೆಲಸ ಕೊಟ್ಟರು. ಪ್ರತಿಯೊಬ್ಬರೂ ತಾವು ಪದವಿ ಪಡೆದ ದಿನದ ಬಗ್ಗೆ ಭೂತಕಾಲದಲ್ಲಿ ಹತ್ತು ವಾಕ್ಯ ಬರೆಯಬೇಕು. ಭೂತಕಾಲ ಅಲ್ಲಿ ಎರಡು ಬಗೆ: ನಡೆದು ಮುಗಿದದ್ದು ಒಂದು, ಆಗ ನಡೆಯುತ್ತಲಿದ್ದದ್ದು ಇನ್ನೊಂದು, “ಅತ್ತಳು” ಮತ್ತು “ಅಳುತ್ತಿದ್ದಳು” ಎಂಬಂತೆ. ಆಕೆ ಎಣಿಸಿ ಎಣಿಸಿ ಬರೆದಳು. ಬಿಸಿಲಿತ್ತು. ನಿಲುವಂಗಿ ಉದ್ದವಾಗಿತ್ತು. ಹೆಸರು ಕರೆದರು. ಒಂಬತ್ತನೆಯ ವಾಕ್ಯ ತಾನಾಗಿಯೇ ಬಂತು: “ಮಿ ಮಾದ್ರೆ ನೊ ಎಂತೆಂದಿಯೊ ನಾದಾ.” ನನ್ನ ತಾಯಿಗೆ ಏನೂ ತಿಳಿಯಲಿಲ್ಲ. ಮುಗಿದುಹೋದ ಸಂಗತಿಯೆಂಬಂತೆ, ಮೊದಲ ಬಗೆಯ ಭೂತಕಾಲದಲ್ಲಿ.

ಅಧ್ಯಾಪಕಿ ಕೆಂಪು ಪೆನ್ನು ಹಿಡಿದು ಓದಿದರು. ವಾಕ್ಯದಲ್ಲಿ ತಪ್ಪಿರಲಿಲ್ಲ. ಸಂಭಾಷಣೆ ಬೆಳೆಯಲೆಂದು ಎಲ್ಲರಿಗೂ ಒಂದೊಂದು ಮರುಪ್ರಶ್ನೆ ಹಾಕುವುದು ಅವರ ರೂಢಿ. ಈಕೆಗೂ ಹಾಕಿದರು: “ಇ ಕೆ ಲೆ ದಿಹೀಸ್ತೆ?” ಆಮೇಲೆ ನೀನು ಆಕೆಗೆ ಏನು ಹೇಳಿದೆ? ಉತ್ತರಕ್ಕೆ ಬೇಕಾದ ಪದಗಳೆಲ್ಲ ಆಕೆಗೆ ಬರುತ್ತಿದ್ದವು. ಉತ್ತರ ಮಾತ್ರ ಇರಲಿಲ್ಲ. ಆಕೆ ಸುಮ್ಮನಾದದ್ದನ್ನು ಕಂಡು ಅಧ್ಯಾಪಕಿ ಹಲಗೆಯ ಮೇಲೆ ಎರಡು ಪದ ಬರೆದರು: “ಆಸಿಗ್ನಾತೂರಾ ಪೆಂದಿಯೆಂತೆ”. ತೇರ್ಗಡೆಯಾಗದೆ ಬಾಕಿ ಉಳಿದ ವಿಷಯ; ಇಲ್ಲಿನ ಹುಡುಗರು ಬ್ಯಾಕ್‌ಲಾಗ್ ಎನ್ನುವುದು. ಆದರೆ ಸ್ಪ್ಯಾನಿಷ್ ಆಡುವವರು ಅದನ್ನು ಪರೀಕ್ಷೆಗಷ್ಟೇ ಸೀಮಿತಗೊಳಿಸುವುದಿಲ್ಲ. ಮಾಡಬೇಕಾಗಿದ್ದು ಮಾಡದೆ ಬಿಟ್ಟ ಯಾವುದಕ್ಕೂ, ಕೇಳದ ಕ್ಷಮೆಗೂ ನೋಡದೆ ಉಳಿದ ಊರಿಗೂ, ಅದೇ ಮಾತು ಸಲ್ಲುತ್ತದೆ. ಎಲ್ಲ ವಿಷಯಗಳಲ್ಲೂ ಮೊದಲ ದರ್ಜೆಯಲ್ಲಿ ತೇರ್ಗಡೆಯಾಗಿದ್ದವಳ ಅಂಕಪಟ್ಟಿಯಲ್ಲಿ ಕಾಣದ ಬಾಕಿಯೊಂದು ಆ ಸಂಜೆ ಕಾಣಿಸಿತು.

ಪಾಠದ ಕೊನೆಯ ದಿನ ತರಗತಿ ಪೆರುವಿಗೆ ಬಂತು. ಅದನ್ನು ತಿಳಿಯಲು ಮತ್ತೊಮ್ಮೆ ಸಾಲಮಾಂಕಾಕ್ಕೆ ಹೋಗಬೇಕಾಯಿತು. ಅಲ್ಲಿ ಶತಮಾನಗಳ ಕಾಲ ಪಾಠ, ಪರೀಕ್ಷೆ, ಪದವಿಗಳೆಲ್ಲ ನಡೆದದ್ದು ಲ್ಯಾಟಿನ್ನಿನಲ್ಲಿ. ಇಂದು ಜಗತ್ತಿನ ದೊಡ್ಡ ನುಡಿಗಳಲ್ಲೊಂದಾಗಿರುವ ಸ್ಪ್ಯಾನಿಷ್ ಆಗ ಮನೆಯ, ಸಂತೆಯ, ತಾಯಂದಿರ ಮಾತಾಗಿ ಬಾಗಿಲ ಹೊರಗಿತ್ತು. ಲ್ಯಾಟಿನ್ ಪಂಡಿತನಾಗಿದ್ದ ಆಂತೋನಿಯೊ ದೆ ನೆಬ್ರಿಹಾ 1492ರಲ್ಲಿ ಆ ಹೊರಗಿನ ಮಾತಿಗೆ ವ್ಯಾಕರಣ ಬರೆದು ಸಾಲಮಾಂಕಾದಲ್ಲೇ ಅಚ್ಚು ಹಾಕಿಸಿದ. ಮುಂದೆ 1551ರಲ್ಲಿ ಲೀಮಾ ನಗರದಲ್ಲಿ ಸಾನ್ ಮಾರ್ಕೋಸ್ ವಿಶ್ವವಿದ್ಯಾಲಯ ಹುಟ್ಟಿತು. ಕಾಲ ಸರಿದಂತೆ ಲ್ಯಾಟಿನ್ನಿನ ಪೀಠದಲ್ಲಿ ಸ್ಪ್ಯಾನಿಷ್ ಕುಳಿತಿತು. ಆಂಡೀಸ್ ಬೆಟ್ಟದ ಮನೆಗಳ ಮಾತಾದ ಕ್ವೆಚುವಾ ಹೊರಗೆ ನಿಂತಿತು. ಕ್ವೆಚುವಾದ ವ್ಯಾಕರಣವೊಂದು 1560ರಷ್ಟು ಹಿಂದೆಯೇ ಸ್ಪೇನಿನಲ್ಲಿ ಅಚ್ಚಾಗಿತ್ತು. ಆದರೆ ಅದನ್ನು ಬರೆದದ್ದು ಪಾದ್ರಿಯೊಬ್ಬ, ಮತಬೋಧನೆಯ ಅಗತ್ಯಕ್ಕಾಗಿ. 1975ರಲ್ಲಿ ಪೆರು ಅದನ್ನು ಅಧಿಕೃತ ಭಾಷೆಯೆಂದು ಒಪ್ಪಿದ ಮೇಲೂ ಪದವಿಯ ಮಾತು ಸ್ಪ್ಯಾನಿಷೇ ಆಗಿತ್ತು.

2019ರಲ್ಲಿ ರೊಕ್ಸಾನಾ ಕಿಸ್ಪೆ ಕೊಯಾಂತೆಸ್ ಎಂಬ ಸಂಶೋಧಕಿ ಸಾನ್ ಮಾರ್ಕೋಸ್‌ನಲ್ಲಿ ತನ್ನ ಡಾಕ್ಟರೇಟ್ ಪ್ರಬಂಧವನ್ನು ಕ್ವೆಚುವಾದಲ್ಲಿ ಬರೆದು, ಕ್ವೆಚುವಾದಲ್ಲೇ ಮಂಡಿಸಿದಳು. ಆ ನುಡಿಯ ಕವಿ ಆಂದ್ರೆಸ್ ಅಲೆಂಕಾಸ್ತ್ರೆಯ ಕಾವ್ಯ ಅದರ ವಸ್ತು. ವಿಶ್ವವಿದ್ಯಾಲಯದ 468 ವರ್ಷಗಳಲ್ಲಿ ಅಂಥದು ಅದೇ ಮೊದಲು. ಮಂಡನೆಯ ಆರಂಭದಲ್ಲಿ ಕೋಕಾ ಎಲೆಗಳನ್ನೂ ಮೆಕ್ಕೆಜೋಳದ “ಚಿಚಾ” ಪಾನೀಯವನ್ನೂ ಇಟ್ಟು ಪೂರ್ವಿಕರ ಕ್ರಮದಲ್ಲಿ ಕೃತಜ್ಞತೆ ಅರ್ಪಿಸಿದಳು. ತಂದೆತಾಯಿ, ಅಜ್ಜ-ಅಜ್ಜಿಯರಿಂದ ಕಲಿತ ಮಾತು ಆ ದಿನ ದೊಡ್ಡ ಬಾಗಿಲಿನಿಂದ ಒಳಗೆ ಹೋಯಿತು.

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಈ ಸಂಗತಿಯಿಂದ ಪಡೆಯಬೇಕಾದದ್ದು ಕೇವಲ ಹೆಮ್ಮೆಯನ್ನಲ್ಲ. ವಿದ್ಯೆಗೆ ಹುಟ್ಟಾ ಒಡೆಯನಾದ ನುಡಿ ಯಾವುದೂ ಇಲ್ಲ. ಇಂದು ಒಳಗೆ ಕುಳಿತ ನುಡಿ ಒಂದು ಕಾಲಕ್ಕೆ ಹೊರಗಿತ್ತು. ಅದನ್ನು ಒಳಗೆ ತಂದವರು ಇದ್ದರು. ಒಳಗಿರುವ ಭಾಷೆಯನ್ನು ಬಿಟ್ಟುಬಿಡುವುದು ಆ ದಾರಿಯಲ್ಲ. ಕಿಸ್ಪೆ ಸ್ಪ್ಯಾನಿಷನ್ನೂ ಬಲ್ಲಳು, ನೆಬ್ರಿಹಾ ಲ್ಯಾಟಿನ್ನಿಗೂ ಪಠ್ಯ ಬರೆದಿದ್ದ. ಎರಡನ್ನೂ ಬಲ್ಲವರು ನಡುವೆ ನಿಂತು ಒಳಗಿನ ಮಾತನ್ನು ಹೊರಗೆ, ಹೊರಗಿನ ಮಾತನ್ನು ಒಳಗೆ ದಾಟಿಸಬೇಕು. ಮರಾಠಿ, ಕನ್ನಡ, ಇಂಗ್ಲಿಷ್ ಮೂರನ್ನೂ ಬಲ್ಲ ಮಗಳೊಬ್ಬಳು ಅಂದು ಆ ಮಂಟಪದ ಹೊರಗೆ ಮಾಡದೆ ಬಿಟ್ಟದ್ದು ಇಷ್ಟನ್ನೇ.

ಯುಗಾದಿಯ ರಜೆಗೆ ಆಕೆ ಊರಿಗೆ ಹೋದಳು. ತಾಯಿ ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ಗೋಡೆಯ ಮೇಲೆ ನಿಲುವಂಗಿಯ ಫೋಟೋ ಇತ್ತು. ಮಗಳು ಎದುರಿಗೆ ಕುಳಿತು, ಅಂದು ವೇದಿಕೆಯ ಮೇಲಿಂದ ಇಂಗ್ಲಿಷಿನಲ್ಲಿ ಹೇಳಿದ ವಿಧಿವಾಕ್ಯವನ್ನು ಮನೆಯ ಮಾತಿಗೆ ಇಳಿಸಿದಳು. ಆರು ವರ್ಷ ತಡವಾದ ಆ ಅನುವಾದಕ್ಕೆ ನಿಘಂಟು ಬೇಕಾಗಲಿಲ್ಲ.

“ಅವ್ವಾ, ಆವತ್ತ ಕೇಳಿದ್ದೆಲ್ಲ, ಅವ್ರು ಏನಂದ್ರು ಅಂತ. ಇಕಿನ್ನ ನಮ್ಮ ಓದಿದ ಮಂದ್ಯಾಗ ಸೇರಿಸ್ಕೊಂಡೀವಿ ಅಂದ್ರು. ಬಾಳೇ ಮಾಡೂತನಕ ನಡೀಲೂ ನುಡೀಲೂ ಇದಕ್ಕ ತಕ್ಕಾಕಿ ಆಗಿರಲಿ ಅಂದ್ರು.”

ತಾಯಿ ಮೊರ ನಿಲ್ಲಿಸಿ ಸ್ವಲ್ಪ ಹೊತ್ತು ಫೋಟೋವನ್ನೂ ಮಗಳನ್ನೂ ನೋಡಿದಳು.

“ಇಷ್ಟ ಅಂದಿದ್ರೇನು? ನೀ ಮೊದಲನೇ ದಿನಾ ಸಾಲಿಗೆ ಹೊಂಟಾಗ ನಾನೂ ಇದನ್ನ ಅಂದಿದ್ದೆನಲ್ಲ” ಎಂದು ಮತ್ತೆ ಜೋಳ ಕೇರತೊಡಗಿದಳು.